ನೆಗಡಿ ಇಲ್ಲ ಎಂದು ಹಾಕಿದ ಸಹಿ

ಹೋದ ತಿಂಗಳು ಕುಕ್ಕರಿನ ರಬ್ಬರು ಹೋಯಿತು. ಸೀಟಿ ಹೊಡೆಯುವ ಬದಲು ಸುತ್ತಲಿಂದ ಬುಸ್ ಎಂದು ಉಗಿ ಬಿಡುತ್ತ, ಒಂದು ಹಿಡಿ ಬೇಳೆ ಬೇಯಿಸುವುದಕ್ಕೆ ಮುಕ್ಕಾಲು ಗಂಟೆ ತೆಗೆದುಕೊಂಡು, ನನ್ನ ತಾಳ್ಮೆಯನ್ನೂ ಗ್ಯಾಸನ್ನೂ ಒಟ್ಟಿಗೇ ಮುಗಿಸುತ್ತಿತ್ತು. ಪುಣೆಯ ಕೋಥರೂಡದ ನಮ್ಮ ಸೊಸೈಟಿಯ ಎದುರಿಗಿರುವ ಪಾತ್ರೆ ಅಂಗಡಿಯಿಂದ ಹೊಸದು ತಂದೆ. ಅಡುಗೆಮನೆಯಲ್ಲಿ ನಿಂತು ಪ್ಲಾಸ್ಟಿಕ್ ಹರಿದದ್ದೇ ತಡ, ಆ ವಾಸನೆ ಬಂತು... ಹೊಸ ರಬ್ಬರು, ಅದರ ಮೇಲೆ ಸವರಿದ ಒಂಚೂರು ಪೌಡರು. ಒಲೆಯ ಕಡೆ ಲಕ್ಷ್ಯವೇ ಹೋಗಲಿಲ್ಲ, ರಬ್ಬರನ್ನು ಮೂಗಿಗೆ ಹಿಡಿದುಕೊಂಡು ನಿಂತುಬಿಟ್ಟೆ. ಮಗಳು ಬಂದು, "ಅಮ್ಮಾ, ಅದನ್ನ ಯಾರರ ಮೂಸಿ ನೋಡ್ತಾರೇನು?" ಎಂದಳು. ಕಾರಣ ಹೇಳಿದರೆ ನಗುತ್ತಿದ್ದಳು. ಹೇಳಲಿಲ್ಲ.

ಅದು ಸಮುದ್ರದೊಳಗೆ ಇಳಿಯುವಾಗ ಮುಖಕ್ಕೆ ಬಿಗಿಯುವ ಕನ್ನಡಕದ ವಾಸನೆ. ನನ್ನ ಮಟ್ಟಿಗೆ ಆ ವಾಸನೆ ಎಂದರೆ ಕಾಕಾ.

ಕಾಕಾ ಎಂದರೆ ನಿಜವಾದ ಚಿಕ್ಕಪ್ಪ ಅಲ್ಲ, ಪಕ್ಕದ ಮನೆಯವರು. ಪುಣೆಯ ಇನ್ನೊಂದು ತುದಿಗೆ, ಆಕುರ್ಡಿಯ ನಾಲ್ಕು ಮಹಡಿಯ ಬಿಲ್ಡಿಂಗಿನಲ್ಲಿ ನಮಗೂ ಅವರಿಗೂ ಒಂದೇ ಗೋಡೆ. ಈ ಕಡೆ ನಮ್ಮ ದೇವರ ಮಾಡ, ಆ ಕಡೆ ಅವರ ರೇಡಿಯೋ. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಗಂಡ ಹೆಂಡತಿ ಬಂದು ಸೇರಿದರು. ತೊಂಬತ್ತರ ದಶಕದ ಮೊದಲ ವರ್ಷಗಳು. ನಮ್ಮಪ್ಪ ಕಲಬುರಗಿ ಕಡೆಯವನು, ಅವರು ಬೀದರ ಕಡೆಯವರು. ನೀರಿನ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತಾಗ "ಯಾವೂರ್ರಿ ನಿಮ್ದು?" ಎಂದು ಶುರುವಾದ ಮಾತು, ಸಂಜೆಯೊಳಗೆ ರೊಟ್ಟಿ, ಪುಂಡಿಪಲ್ಯ ಅದಲುಬದಲಾಗುವಷ್ಟು ದೂರ ಹೋಯಿತು. ಅವರಿಗೆ ಮಕ್ಕಳಿರಲಿಲ್ಲ. ನಾನು ಶಾಲೆ ಬಿಟ್ಟವಳೇ ಆ ಮನೆಗೆ ನುಗ್ಗಿ ಕಾಕಾನ ಹೆಂಡತಿ, ನಮ್ಮ ಕಾಕು, ಮಾಡಿದ ಶೇಂಗಾದ ಉಂಡೆ ತಿಂದು ನಮ್ಮ ಮನೆಗೆ ಹೋಗುತ್ತಿದ್ದೆ. ನಮ್ಮವ್ವ, "ಅಲ್ಲೇ ಇರ್ತೀಯೇನು, ಹಾಸಿಗಿ ಕಳಿಸ್ಲ್ಯಾ?" ಎಂದು ಬೈಯುತ್ತಿದ್ದಳು.

ಕಾಕಾ ಕಾರ್ಖಾನೆಯೊಂದರಲ್ಲಿ ಕಂಪ್ರೆಸರ್ ವಿಭಾಗದಲ್ಲಿದ್ದರು. ಅಲ್ಲಿ ಭಾರಿ ಟ್ಯಾಂಕುಗಳಿದ್ದವು. ವರ್ಷಕ್ಕೆರಡು ಸಲ ಆಳುಗಳು ಒಳಗಿಳಿದು ಅವನ್ನು ತೊಳೆಯಬೇಕು. ಒಳಗೆ ಗಾಳಿ ಕೆಟ್ಟಿರುತ್ತದೆ, ಉಸಿರಾಡುವುದಕ್ಕೆ ಬೆನ್ನಿಗೆ ಸಿಲಿಂಡರು. ಆ ಸಿಲಿಂಡರಿಗೆ ಗಾಳಿ ತುಂಬುವವರು ಕಾಕಾ. ತುಂಬಿದ ಮೇಲೆ ಟ್ಯಾಂಕಿನ ಬಾಯಲ್ಲಿ ಹಗ್ಗ ಹಿಡಿದು ನಿಲ್ಲುವವರೂ ಅವರೇ. ಗಾಳಿಯಲ್ಲಿ ಕಂಪ್ರೆಸರಿನ ಎಣ್ಣೆ ಒಂದು ತಟಕು ಬೆರೆತಿದ್ದರೂ ಅವರ ಮೂಗಿಗೆ ತಿಳಿಯುತ್ತಿತ್ತು. ಅದೆಂಥ ಮೂಗು ಅಂತೀರಿ! ನಮ್ಮ ಮನೆಯಲ್ಲಿ ಒಗ್ಗರಣೆಗೆ ಇಂಗು ಹಾಕಿದ್ದೋ ಬೆಳ್ಳುಳ್ಳಿ ಹಾಕಿದ್ದೋ ಎಂದು ಗೋಡೆಯಾಚೆಯಿಂದ ಹೇಳುತ್ತಿದ್ದರು.

ಆ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಒಳಗೆ ಇಳಿಯುವ ಮೊದಲು ಒಂದು ಕಾರ್ಡು ತುಂಬಬೇಕು. ಜ್ವರ ಇದೆಯೇ, ನೆಗಡಿ ಇದೆಯೇ, ನಿದ್ದೆ ಆಗಿದೆಯೇ ಎಂದೆಲ್ಲ ಟ್ಯಾಂಕಿನ ಬಾಯಲ್ಲಿ ನಿಂತವನು ಕೇಳುತ್ತಾನೆ, ಇಳಿಯುವವನು ಉತ್ತರ ಹೇಳುತ್ತಾನೆ, ಇಬ್ಬರೂ ಸಹಿ ಮಾಡುತ್ತಾರೆ. ಆಮೇಲೆ ಒಳಗಿನವನು ಹಗ್ಗ ಜಗ್ಗಿದರೆ ಮೇಲೆ ಎಳೆಯುವುದೇ. ಯಾಕೆ ಎಂದು ಕೇಳುವಂತಿಲ್ಲ. ಆಗಲೂ ಇಲ್ಲ, ಮೇಲೆ ಬಂದ ಮೇಲೂ ಇಲ್ಲ. ಅದು ಕಾರ್ಖಾನೆಯ ಕಾನೂನೋ ಕಾಕಾನ ಸ್ವಂತ ಕಾನೂನೋ ನನಗೆ ಇಂದಿಗೂ ತಿಳಿದಿಲ್ಲ. ನಾನು ಒಮ್ಮೆ ಕೇಳಿದಾಗ ಅವರು ಹೇಳಿದ್ದು ನೆನಪಿದೆ: "ಯಾಕಪ್ಪಾ ಅಂಜಿದೇನು ಅಂತ ಒಮ್ಮಿ ಕೇಳಿದ್ರ ಸಾಕವ್ವಾ, ಮುಂದಿನ ಸಲ ಅವ ನಾಚಿಕಿಗೆ ಹಗ್ಗ ಜಗ್ಗೂದಿಲ್ಲ. ಒಳಗs ಕೂತುಬಿಡ್ತಾನ."

ಇನ್ನು ನನ್ನ ವಿಷಯ. ಮುನ್ಸಿಪಾಲಿಟಿಯ ಈಜುಕೊಳದಲ್ಲಿ ನಾನು ಹನ್ನೆರಡನೆಯ ವಯಸ್ಸಿಗೇ ಮೀನಾಗಿದ್ದೆ. ಜಿಲ್ಲೆಯ ಮಟ್ಟದಲ್ಲಿ ಎರಡು ಪದಕ, ಅದರ ಸೊಕ್ಕು ಹತ್ತು ಪದಕದಷ್ಟು. ಬಿ.ಕಾಂ. ಮುಗಿಸಿ ಅದೇ ಕೊಳದಲ್ಲಿ ಹೆಂಗಸರ ಬ್ಯಾಚಿಗೆ ಕಲಿಸುವ ಕೆಲಸ ಹಿಡಿದೆ. ಎರಡು ಸಾವಿರದ ನಂತರದ ಮಾತು. ಆಗ ಭಾನುವಾರ ಭಾನುವಾರ ಅಲ್ಲಿಗೆ ಒಬ್ಬ ಸರ್ ಬರುತ್ತಿದ್ದರು, ನೌಕಾದಳದಿಂದ ನಿವೃತ್ತರಾದ ಮರಾಠಿ ಮನುಷ್ಯ. ನಾಲ್ಕೆಂಟು ಜನರಿಗೆ ಸ್ಕೂಬಾ, ಅಂದರೆ ಬೆನ್ನಿಗೆ ಸಿಲಿಂಡರು ಕಟ್ಟಿ ನೀರೊಳಗೆ ಇಳಿಯುವುದು, ಕಲಿಸಿ, ಚಳಿಗಾಲದಲ್ಲಿ ಸಮುದ್ರಕ್ಕೆ ಕರೆದೊಯ್ಯುತ್ತಿದ್ದರು. ಒಮ್ಮೆ ಅವರ ಹಳೆಯ ಕಂಪ್ರೆಸರ್ ಕೆಟ್ಟು ಕೂತಿತು. ಮುಂಬೈಗೆ ಕಳಿಸಬೇಕು ಎಂದು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ನಾನು ಜಂಬದಿಂದ, ನಮ್ಮ ಕಾಕಾ ಇದ್ದಾರೆ, ಕರೆತರುತ್ತೇನೆ ಎಂದೆ. ಎಲ್ಲ ಶುರುವಾದದ್ದು ನನ್ನ ಆ ಬಾಯಿಂದ.

ಕಾಕಾ ಮೂರು ಭಾನುವಾರ ಕೂತು ಅದನ್ನು ಬಿಚ್ಚಿ, ತೊಳೆದು, ಜೋಡಿಸಿದರು. ಕೊನೆಗೆ ಒಂದು ಸಿಲಿಂಡರು ತುಂಬಿ, ಗಾಳಿಯನ್ನು ಒಂಚೂರು ಬಿಟ್ಟು ಮೂಸಿ, "ಹಾಂ, ಈಗ ವಾಸನಿ ಇಲ್ಲ" ಎಂದರು. ಸರ್ ಸಂತೋಷದಿಂದ, ನಿಮಗೆ ಏನು ಕೊಡಲಿ ಎಂದು ಕೇಳಿದರು. ಕಾಕಾ ಎಣ್ಣೆಯ ಕೈ ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: "ಇವರಿಗೆ ಹೇಳವ್ವಾ. ಇಪ್ಪತ್ತೆರಡ್ ವರ್ಷ ಮಂದಿಗೆ ಉಸಿರು ತುಂಬಿ ಕೊಟ್ಟೀನಿ. ಒಂದು ದಿನ ನಾ ಅದನ್ನ ಬೆನ್ನಿಗೆ ಹಾಕ್ಕೊಂಡು ಒಳಗ ಹೋಗಿಲ್ಲ. ಒಮ್ಮಿ ಹೋಗಬೇಕಂತ ಅದ."

ಸರ್ ತಮ್ಮ ಚೀಲದಿಂದ ಫೋಟೋ ತೆಗೆದು ತೋರಿಸಿದರು. ಭಟ್ಕಳದ ಆಚೆ, ಮುರ್ಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ಎಂಬ ನಡುಗಡ್ಡೆ. ಅದರ ಬುಡದಲ್ಲಿ ಹವಳದ ದಿಬ್ಬಗಳು, ಹಳದಿ, ನೀಲಿ ಮೀನುಗಳ ಹಿಂಡು. ಕಾಕಾ ಆ ಫೋಟೋಗಳನ್ನು ಬೆರಳು ತಾಗದಂತೆ ಅಂಚಿನಲ್ಲಿ ಹಿಡಿದು ನೋಡಿದರು. ಐವತ್ತೆರಡು ವಯಸ್ಸಿನ ಆ ಮನುಷ್ಯ ಅಲ್ಲಿಯವರೆಗೆ ಸಮುದ್ರವನ್ನೇ ನೋಡಿರಲಿಲ್ಲ, ಈಜು ಬರುತ್ತಿರಲಿಲ್ಲ.

"ಅರವತ್ತಕ್ಕ ಅರಳು ಮರಳು ಅಂತಾರ, ಇವರಿಗೆ ಐವತ್ತಕ್ಕs ಬಂತು ನೋಡು" ಎಂದು ಕಾಕು ಬಾಯಿ ಬಡಿದುಕೊಂಡರು. ಆದರೂ ಕಾಕಾ ಕೊಳಕ್ಕೆ ಬಂದರು. ಗಂಡಸರ ಹೊಸಬರ ಬ್ಯಾಚು ಎಂದರೆ ಎಲ್ಲ ಶಾಲೆಯ ಹುಡುಗರು. ಅವರ ನಡುವೆ ಮೊಳಕಾಲಿನವರೆಗೆ ಚಡ್ಡಿ ಹಾಕಿಕೊಂಡು, ಕಟ್ಟೆ ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿ ಕಾಲು ಬಡಿಯುವ ಕಾಕಾ. ಹುಡುಗರು ನಗುತ್ತಿದ್ದರು. ಅವರೂ ನಗುತ್ತಿದ್ದರು. ನಾಲ್ಕು ತಿಂಗಳಿಗೆ ಈಚೆ ದಡದಿಂದ ಆಚೆ ದಡಕ್ಕೆ ಒಬ್ಬರೇ ಹೋಗಿ ಮುಟ್ಟಿ, ಅಲ್ಲಿಂದ ನನಗೆ ಕೈಬೀಸಿದರು. ನಾನು ಎಷ್ಟೋ ಜನರಿಗೆ ಈಜು ಕಲಿಸಿದ್ದೇನೆ, ಅಷ್ಟು ಖುಷಿ ನನಗೆ ಇನ್ನೊಮ್ಮೆ ಆಗಿಲ್ಲ.

ನೀರೊಳಗೆ ಒಬ್ಬರೇ ಇಳಿಯುವ ಹಾಗಿಲ್ಲ, ಜೋಡಿ ಬೇಕು. ಕಾಕು ಇದನ್ನು ಕೇಳಿದ್ದೇ ಕರಾರು ಹಾಕಿಬಿಟ್ಟರು: "ಅಕಿ ಜೋಡಿ ಆದ್ರ ಹೋಗ್ರಿ. ಇಲ್ಲಾಂದ್ರ ಮನ್ಯಾಗ ಬಕೆಟ್ ಅದ, ಅದರಾಗ ತಲಿ ಹಾಕ್ಕೊಂಡು ಕೂಡ್ರಿ." ಹಾಗೆ ನಾನು ಜೋಡಿಯಾದೆ. ಕಾಕು ನನ್ನನ್ನು ಒಳಗೆ ಕರೆದು, ಕೈ ಹಿಡಿದು, "ಹೆಂಗ ಕರ್ಕೊಂಡು ಹೋಗ್ತಿ ಹಂಗ ಕರ್ಕೊಂಡು ಬರಬೇಕವಾ" ಎಂದಿದ್ದರು. ನನಗೆ ಅದು ಯಾವ ದೊಡ್ಡ ಮಾತು ಎನಿಸಿತ್ತು. ಆ ವಯಸ್ಸೇ ಹಾಗೆ.

ಆಮೇಲೆ ಒಂದಿಡೀ ವರ್ಷ ನಡೆದದ್ದು ತಯಾರಿ. ಭಾನುವಾರ ಬೆಳಗ್ಗೆ ಸರ್ ನಮ್ಮಿಬ್ಬರಿಗೂ ಸಿಲಿಂಡರು ಕಟ್ಟಿ ಕೊಳದಲ್ಲಿ ಕಲಿಸುತ್ತಿದ್ದರು. ಕಾಕಾ ಅದನ್ನು ಕಾರ್ಖಾನೆಯ ದೊಡ್ಡ ಕೆಲಸದ ಹಾಗೆ ಹಿಡಿದರು. ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ, ಅದರ ಬೆನ್ನಿಗೆ ಸ್ಕೇಲಿಟ್ಟು ಗೆರೆ ಎಳೆದು, ಸರ್ ಹೇಳಿದ್ದನ್ನೆಲ್ಲ ತಮ್ಮ ಗುಂಡು ಅಕ್ಷರದಲ್ಲಿ ಬರೆದರು. ಆಳ ಹನ್ನೆರಡು ಮೀಟರು. ಹೊತ್ತು ಇಪ್ಪತ್ತೈದು ನಿಮಿಷ. ಸಿಲಿಂಡರಿನ ಮುಳ್ಳು ಇನ್ನೂರರಿಂದ ನೂರಕ್ಕೆ ಇಳಿದರೆ ಹಿಂದಕ್ಕೆ ತಿರುಗುವುದು, ಐವತ್ತು ಉಳಿದಿರುವಾಗಲೇ ನೀರಿನ ಮೇಲೆ. ಬರುವಾಗ ಐದು ಮೀಟರಿನಲ್ಲಿ ಮೂರು ನಿಮಿಷ ಸುಮ್ಮನೆ ನಿಲ್ಲುವುದು, ಮೈಯಲ್ಲಿ ಸೇರಿದ ಗಾಳಿ ನಿಧಾನಕ್ಕೆ ಹೊರಗೆ ಹೋಗಲಿ ಎಂದು.

ಬರೆದರೆ ಆಯಿತೇ? ತಾಲೀಮು ಬೇಡವೇ? ನಮ್ಮ ಬಿಲ್ಡಿಂಗಿನ ಟೆರೇಸಿನಿಂದ ಅಂಗಳಕ್ಕೆ ಹಗ್ಗ ಇಳಿಬಿಟ್ಟು ಅಳೆದರು. ಹನ್ನೆರಡು ಮೀಟರು, ಮೇಲೆ ಒಂದು ಗೇಣು. ಕಾಕಾನ ಮುಖ ನೋಡಬೇಕಿತ್ತು, ಬಿಲ್ಡರು ಅವರಿಗಾಗಿಯೇ ಕಟ್ಟಿದನೇನೋ ಎಂಬಂತೆ! ಅಂದಿನಿಂದ ಪ್ರತಿ ಭಾನುವಾರ ಸಂಜೆ ನಾವಿಬ್ಬರೂ ಟೆರೇಸಿನಿಂದ ಮೆಟ್ಟಿಲು ಹಿಡಿದು ಇಳಿಯುತ್ತಿದ್ದೆವು, ಗಡಿಯಾರ ನೋಡುತ್ತ, ಒಂದು ಮಾತೂ ಆಡದೆ, ಬರೀ ಕೈಸನ್ನೆಯಲ್ಲಿ. ಅಂಗಳದಲ್ಲಿ ತುಳಸಿಕಟ್ಟೆಯ ಸುತ್ತ "ಹವಳ" ನೋಡಿ ಮತ್ತೆ ಮೇಲೆ. ಐದು ಮೀಟರಿನ ಲೆಕ್ಕಕ್ಕೆ ಮೂರನೆಯ ಮಹಡಿಯ ತಿರುವಿನಲ್ಲಿ ಮೂರು ನಿಮಿಷ ನಿಲ್ಲಬೇಕು. ಅಲ್ಲಿಯ ಮರಾಠಿ ಆಜಿ ಮೊದಲ ಸಲ ಬಾಗಿಲು ತೆರೆದು, ಸುಮ್ಮನೆ ನಿಂತ ನಮ್ಮಿಬ್ಬರನ್ನು ನೋಡಿ ಹೆದರಿ, "ಕಾಯ್ ಝಾಲಂ?", ಏನಾಯಿತು, ಎಂದು ಕೇಳಿದರು. ನೀರೊಳಗೆ ಮಾತಾಡುವ ಹಾಗಿಲ್ಲವಲ್ಲ! ಕಾಕಾ ಬೆರಳು ಗುಂಡಗೆ ಮಾಡಿ "ಎಲ್ಲ ಸರಿ ಇದೆ" ಎಂಬ ಸನ್ನೆ ತೋರಿಸಿದರು. ಆಜಿ ದಡಕ್ಕನೆ ಬಾಗಿಲು ಹಾಕಿಕೊಂಡರು.

ಇಳಿಯುವ ಮೊದಲು ಪ್ರತಿ ಸಲ ಕಾರ್ಡು. ಅದನ್ನೂ ಕಾಕಾನೇ ಮಾಡಿದ್ದರು. ಜ್ವರ? ಇಲ್ಲ. ನೆಗಡಿ? ಇಲ್ಲ. ಕಿವಿ ನೋವು? ಇಲ್ಲ. ನಿದ್ದಿ ಆಗ್ಯದ? ಆಗ್ಯದ. ಕೊನೆಯದು ಕಾರ್ಖಾನೆಯ ಕಾರ್ಡಿನಲ್ಲಿ ಇರಲಿಲ್ಲ, ಅವರೇ ಸೇರಿಸಿದ್ದು: "ಮನಸ್ಸು ಅದ?" ನಾನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ. "ಅದ ಕಾಕಾ" ಎಂದು ನಾನು ಹೇಳಿ ಸಹಿ ಹಾಕುವವರೆಗೂ ಒಂದು ಮೆಟ್ಟಿಲೂ ಇಳಿಯುತ್ತಿರಲಿಲ್ಲ.

ಒಂದು ದಿನ ಅವರು ಓದುತ್ತ ಕೂತವರು ಗಾಬರಿಯಾಗಿ ನಮ್ಮ ಮನೆಗೆ ಬಂದರು. ನೀರಿಗೆ ಇಳಿದು ಬಂದ ಮೇಲೆ ಒಂದು ದಿನ ವಿಮಾನ ಹತ್ತಬಾರದು, ಎತ್ತರಕ್ಕೆ ಹೋದರೆ ಮೈಯೊಳಗಿನ ಗಾಳಿ ಗುಳ್ಳೆಯಾಗಿ ತ್ರಾಸು ಕೊಡುತ್ತದೆ ಎಂದು ಸರ್ ಹೇಳಿದ್ದು ನಮಗೆ ಗೊತ್ತಿತ್ತು. ವಿಮಾನ ಹತ್ತುವ ಪೈಕಿ ನಾವಲ್ಲ, ಅದಕ್ಕೇ ಅದನ್ನು ಬಿಟ್ಟಿದ್ದೆವು. ಕಾಕಾಗೆ ಈಗ ಹೊಳೆದದ್ದು ಬೇರೆ: "ಪುಣೆನೇ ಗುಡ್ಡದ ಮ್ಯಾಲೆ ಅದಲ್ಲವ್ವಾ! ಸಮುದ್ರದಿಂದ ಸೀದಾ ಬಸ್ ಹತ್ತಿ ಘಾಟ್ ಏರಿದ್ರ?" ಕಾಕು ಬಾಗಿಲಲ್ಲಿ ನಿಂತು, "ಪುಣೆ ಏನು ಇಮಾನನಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಸರ್‌ಗೆ ಫೋನು ಮಾಡಿದರೆ, ಕಾಕಾ ಹೇಳುವುದೇ ಸರಿ, ಒಂದು ದಿನ ಕೆಳಗೇ ಉಳಿದರೆ ಒಳ್ಳೆಯದು ಎಂದರು. ಹಾಗಾಗಿ ಯೋಜನೆಯಲ್ಲಿ ಇನ್ನೊಂದು ಸಾಲು ಸೇರಿತು. "ಎರಡನೇ ದಿನ: ದಂಡೆಯಲ್ಲಿ ಸುಮ್ಮನೆ ಕೂಡ್ರುವುದು." ದುಡಿಮೆ ಬಿಟ್ಟು ಒಂದು ದಿನ ಸುಮ್ಮನೆ ಕೂತು ಗೊತ್ತಿಲ್ಲದ ಕಾಕು, ಅದನ್ನು ಓದಿಸಿಕೊಂಡು ಕೇಳಿ, ತಾವೂ ಬರುವುದಾಗಿ ಹೇಳಿದರು.

ಸಂಕ್ರಾಂತಿ ಕಳೆದ ಮೇಲೆ ಹೊರಟೆವು. ಕಾಕು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಗಂಟು ಕಟ್ಟಿದ್ದರು, ಸಮುದ್ರದಲ್ಲಿ ಕಳೆದುಹೋದರೂ ಎಂಟು ದಿನ ಸಾಲುವಷ್ಟು. ಆದರೆ ಹೊರಡುವ ಹಿಂದಿನ ದಿನವೇ ನನ್ನ ಗಂಟಲು ಕೆರೆಯತೊಡಗಿತ್ತು. ಮುರ್ಡೇಶ್ವರ ಮುಟ್ಟುವಷ್ಟರಲ್ಲಿ ಮೂಗು ಕಟ್ಟಿತ್ತು. ನೆಗಡಿಯಾದವರು ನೀರಿಗೆ ಇಳಿಯಬಾರದು, ಒಳಗಿಂದ ಕಿವಿ ಮುಚ್ಚಿಕೊಂಡು ನೀರಿನ ಒತ್ತಡಕ್ಕೆ ತಾಳುವುದಿಲ್ಲ ಎಂಬುದನ್ನು ಆ ಒಂದು ವರ್ಷದಲ್ಲಿ ನೂರು ಸಲ ಓದಿದ್ದೆ. ಹೇಳಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಜೋಡಿ ಇಲ್ಲ, ಕಾಕಾ ಇಳಿಯುವುದಿಲ್ಲ. ಅವರಿಗೆ ಮತ್ತೆ ರಜೆ ಸಿಗುವುದು ಯಾವಾಗಲೋ, ಸರ್ ಮತ್ತೆ ಕರೆತರುವುದು ಯಾವಾಗಲೋ. ನನ್ನ ಒಂದು ಯಃಕಶ್ಚಿತ್ ಮೂಗಿಗಾಗಿ ಅವರ ಜನ್ಮದ ಆಸೆ ಹಾಳಾಗಬೇಕೇ? ಗುಳಿಗೆ ನುಂಗಿದೆ. ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹಾಕಿ, ಎಲ್ಲರಿಗೂ ಬೆನ್ನು ಮಾಡಿ ಎಳೆದುಕೊಂಡೆ. ಮೂಗು ಸ್ವಲ್ಪ ಬಿಟ್ಟಿತು. ನಾನು ಗೆದ್ದೆ ಎಂದುಕೊಂಡೆ.

ಬೆಳಗಿನ ಬಿಸಿಲಿಗೆ ದೋಣಿ ಹತ್ತಿದೆವು. ಕಾಕು ದಂಡೆಯಲ್ಲೇ ಉಳಿದರು. ದೋಣಿಯವನು ನೀರಿನಲ್ಲಿ ಕೈ ಅದ್ದಿ, "ಇವತ್ತು ನೀರು ಅಡ್ಡಿಲ್ಲ, ತಳ ಕಾಣ್ತದೆ" ಎಂದ. ಒಂದೂವರೆ ಗಂಟೆಯ ದಾರಿಯುದ್ದಕ್ಕೂ ಕಾಕಾ, ಸಮುದ್ರ ಇಷ್ಟು ದೊಡ್ಡದಿರುತ್ತದೆಂದು ಯಾರೂ ತಮಗೆ ಹೇಳಿರಲಿಲ್ಲವಲ್ಲ ಎಂಬ ಮುಖ ಮಾಡಿಕೊಂಡು ಕೂತಿದ್ದರು. ನಡುಗಡ್ಡೆಯ ಹತ್ತಿರ ಲಂಗರು ಇಳಿಸಿದ ಮೇಲೆ ಅಂಗಿಯ ಕಿಸೆಯಿಂದ ಕಾರ್ಡು ತೆಗೆದರು. ಜ್ವರ? ಇಲ್ಲ. ನೆಗಡಿ?

"ಇಲ್ಲ ಕಾಕಾ."

ಅವರು ನನ್ನ ಮುಖ ನೋಡಿದರು. ಒಂದು ಗಳಿಗೆ ಜಾಸ್ತಿಯೇ ನೋಡಿದರು ಎಂದು ಈಗ ಅನ್ನಿಸುತ್ತದೆ... ಆಗ ಅನ್ನಿಸಿರಲಿಲ್ಲ. ಪೆನ್ನು ಕೊಟ್ಟರು. ಸಹಿ ಹಾಕಿದೆ. ಅವರೂ ಹಾಕಿದರು.

ಸರ್ ಮುಂದೆ, ನಾವಿಬ್ಬರೂ ಹಿಂದೆ, ಲಂಗರಿನ ಹಗ್ಗ ಹಿಡಿದು ಇಳಿದೆವು. ಎರಡು ಮೀಟರಿಗೆ ಕಿವಿ ಗವ್ ಎಂದಿತು. ಮೂಗು ಒತ್ತಿ ಊದಿದೆ, ಬಿಡಲಿಲ್ಲ. ನಾಲ್ಕಕ್ಕೆ ನೋಯತೊಡಗಿತು. ನುಂಗಿದೆ, ದವಡೆ ಆಡಿಸಿದೆ, ದೇವರನ್ನು ನೆನೆದೆ. ಪಕ್ಕದಲ್ಲಿ ಕಾಕಾ ಎಷ್ಟು ಶಾಂತವಾಗಿದ್ದರೆಂದರೆ, ನಮ್ಮ ಮೆಟ್ಟಿಲು ಇಳಿಯುವಾಗ ಇದಕ್ಕಿಂತ ಹೆಚ್ಚು ಏದುಸಿರು ಬಿಡುತ್ತಿದ್ದರು. ಆರು ಮೀಟರಿಗೆ ನನ್ನ ಎಡಗಿವಿಗೆ ಯಾರೋ ದಬ್ಬಣ ಹೊಡೆದ ಹಾಗಾಯಿತು. ಅದೇ ಹೊತ್ತಿಗೆ ಕಾಕಾ ನನ್ನ ತೋಳು ಮುಟ್ಟಿ ಕೆಳಗೆ ಬೆರಳು ಮಾಡಿದರು. ಕೆಳಗೆ ಏನೋ ಬಣ್ಣ ಬಣ್ಣದ್ದು, ಮಸುಕಾಗಿ... ನನ್ನ ಕಣ್ಣ ತುಂಬ ನೀರು, ನಾನು ಸರಿಯಾಗಿ ನೋಡಲಿಲ್ಲ. ಹೆಬ್ಬೆರಳು ಎತ್ತಿ ಮೇಲಕ್ಕೆ ಎಂಬ ಸನ್ನೆ ಮಾಡಿದೆ.

ಚಾಚಿದ ಬೆರಳನ್ನು ಅವರು ಹಾಗೇ ಮಡಿಸಿಕೊಂಡರು. ಇನ್ನೊಮ್ಮೆ ಕೆಳಗೆ ನೋಡಲಿಲ್ಲ. ಸರ್‌ಗೆ ಸನ್ನೆ ಮಾಡಿ, ನನ್ನ ಕೈ ಹಿಡಿದು ನಿಧಾನವಾಗಿ ಮೇಲೆ ಕರೆತಂದರು. ಒಟ್ಟು ನಾಲ್ಕು ನಿಮಿಷ. ಒಂದು ವರ್ಷದ ತಯಾರಿಗೆ ನಾಲ್ಕು ನಿಮಿಷ.

ದೋಣಿಯಲ್ಲಿ ನಾನು ಟವೆಲಿನೊಳಗೆ ಮುಖ ಹುದುಗಿಸಿ ಕೂತೆ. ಕಾಕಾ ಯಾಕೆ ಎಂದು ಕೇಳಲಿಲ್ಲ. ಗಂಟೆ ಕಳೆದ ಮೇಲೆ ಸರ್, ಇನ್ನೊಂದು ಸಿಲಿಂಡರು ತುಂಬಿದ್ದೇ ಇದೆ, ಇವಳು ಇಲ್ಲೇ ಕೂರಲಿ ಎಂದು, "ಚಲಾ ಕಾಕಾ, ಮೀ ಘೇವೂನ್ ಜಾತೋ" ಎಂದು ತಾವೇ ಕರೆದೊಯ್ಯಲು ಎದ್ದುನಿಂತರು. ಹೋಗಲಿ, ಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಕಾಕಾ ನೀರಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಆಮೇಲೆ ಬೆನ್ನಿನ ಪಟ್ಟಿ ಬಿಚ್ಚುತ್ತ ತಮ್ಮ ಹರಕು ಮರಾಠಿಯಲ್ಲಿ, ಇಲ್ಲ ಸರ್, ನಮ್ಮ ಕಾರ್ಡಿನಲ್ಲಿ ನನ್ನ ಜೋಡಿ ಇವಳು, ಇವಳಿಲ್ಲದೆ ನಾನು ಇಳಿಯುವುದಿಲ್ಲ ಎಂದರು. ಸರ್ ಎಷ್ಟು ಹೇಳಿದರೂ ಕೇಳಲಿಲ್ಲ. ದೋಣಿ ತಿರುಗಿತು. ಹಟಮಾರಿ ಮುದುಕ ಎಂದು ನಾನು ಒಳಗೊಳಗೇ ಸಿಟ್ಟಾದೆ. ಒಂದು ಸಲ ಹೋಗಿ ಬಂದಿದ್ದರೆ ನನ್ನ ತಪ್ಪು ಅಲ್ಲಿಗೇ ಮುಗಿಯುತ್ತಿತ್ತಲ್ಲ.

ಮರುದಿನ ಯೋಜನೆಯ ಪ್ರಕಾರ ದಂಡೆಯಲ್ಲಿ ಕೂತೆವು. ಆರು ಮೀಟರಿಗೆ ನಾಲ್ಕು ನಿಮಿಷ ಹೋದದ್ದಕ್ಕೆ ಇದು ಬೇಕೇ ಎಂದು ಸರ್ ನಕ್ಕು ತಾವು ಹೊರಟುಹೋದರು. ಕಾಕಾ ಮಾತ್ರ ಬರೆದದ್ದು ಬರೆದದ್ದೇ ಎಂದರು. ಕಾಕು ಅಲೆಗೆ ಕಾಲು ಒಡ್ಡಿ, ಸೀರೆ ಎತ್ತಿ ಹಿಡಿದು, ಸಣ್ಣ ಹುಡುಗಿಯ ಹಾಗೆ ಕೂಗುತ್ತ ಓಡುತ್ತಿದ್ದರು. ನಾನು ಕಿವಿಗೆ ಹತ್ತಿ ಇಟ್ಟುಕೊಂಡು ಸ್ವಲ್ಪ ದೂರದಲ್ಲಿ ಕೂತೆ. ಈಗ ಹೇಳಲೇ, ಈಗ ಹೇಳಲೇ ಎಂದು ಇಡೀ ದಿನ ಒದ್ದಾಡಿದೆ. ನೆಗಡಿ ಇತ್ತು ಕಾಕಾ, ಸುಳ್ಳು ಹೇಳಿದೆ... ಇಷ್ಟೇ ಮಾತು. ಅವರು ಒಂದು ಸಲ ಏನವ್ವಾ ಎಂದಿದ್ದರೂ ಸಾಕಿತ್ತು, ಎಲ್ಲ ಕಕ್ಕಿಬಿಡುತ್ತಿದ್ದೆ. ಅವರು ಕೇಳುವ ಹಾಗಿಲ್ಲ. ನನಗೆ ಹೇಳುವ ಬಾಯಿಲ್ಲ. ರೊಟ್ಟಿ ತಿಂದೆವು, ಸೂರ್ಯ ಮುಳುಗುವುದನ್ನು ನೋಡಿದೆವು.

ಪುಣೆಗೆ ಬಂದ ಮೇಲೆ ಮೆಟ್ಟಿಲಿನ ತಾಲೀಮು ನಿಂತಿತು. ಮುಂದಿನ ವರ್ಷ ಸರ್ ಕರೆದಾಗ ಕಾಕಾ, "ಆತು ಬಿಡ್ರಿ, ನೋಡಿದ್ದು ಸಾಕು" ಎಂದರು. ಏನು ನೋಡಿದ್ದರು? ಅದನ್ನೂ ನಾನು ಕೇಳಲಿಲ್ಲ. ಅವರ ಕಣ್ಣು ತಪ್ಪಿಸಿ ಓಡಾಡಿದೆ. ಮೊದಲಿನ ಹಾಗೆ ನುಗ್ಗಿ ಹೋಗುವುದು ಬಿಟ್ಟೆ. ನನ್ನಿಂದ ಹಾಳಾಯಿತು ಎಂದು ಅವರಿಗೆ ನನ್ನ ಮೇಲೆ ಬೇಸರವಿದೆ, ದೊಡ್ಡ ಮನಸ್ಸಿನಿಂದ ಬಾಯಿ ಬಿಡುತ್ತಿಲ್ಲ ಎಂದೇ ನಂಬಿದ್ದೆ. ಎರಡು ವರ್ಷಕ್ಕೆ ನನ್ನ ಮದುವೆಯಾಗಿ ಕೋಥರೂಡಕ್ಕೆ ಬಂದೆ. ಅಕ್ಕಿಕಾಳು ಹಾಕುವಾಗ ಕಾಕಾ ನನ್ನ ತಲೆಯ ಮೇಲೆ ಕೈ ಇಟ್ಟು ಏನೋ ಹೇಳಲು ಬಾಯಿ ತೆರೆದರು, ಬ್ಯಾಂಡಿನವರು ಶುರು ಮಾಡಿದರು. ಆಮೇಲೆ ಒಂದು ಮಳೆಗಾಲದ ಮಧ್ಯಾಹ್ನ ಅವ್ವನ ಫೋನು ಬಂತು. ಊಟ ಮಾಡಿ ಒರಗಿದವರು ಏಳಲಿಲ್ಲವಂತೆ. ಹೃದಯ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕುಕ್ಕರಿಗೆ ಹೊಸ ರಬ್ಬರು ಹಾಕಿದ ಆ ವಾರವೇ ಎರಡು ಬಸ್ಸು ಬದಲಿಸಿ ಆಕುರ್ಡಿಗೆ ಹೋದೆ. ಕಾಕು ಈಗ ತಮ್ಮ ತಂಗಿಯ ಮಗನ ಸಂಸಾರದ ಜೊತೆ ಅದೇ ಮನೆಯಲ್ಲಿದ್ದಾರೆ. ಹಲ್ಲಿಲ್ಲ, ಬಾಯಿ ಮಾತ್ರ ಹಾಗೇ ಇದೆ. "ಏನ್ ಮಾಡ್ಲವಾ, ಕೋಥರೂಡ ಅಂದ್ರ ಅಮೆರಿಕಾ ಆತು ನಿನಗ" ಎಂದು ಬೈದು, ಪಕ್ಕದಲ್ಲಿ ಕೂರಿಸಿಕೊಂಡರು. ಚಹಾ ಆದ ಮೇಲೆ, ಇನ್ನು ತಡೆಯಲಾರೆ ಎಂದು ಎಲ್ಲ ಹೇಳಿದೆ. ನೆಗಡಿ,‌ ಗುಳಿಗೆ, ಸುಳ್ಳು ಸಹಿ. ಕಾಕಾನ ಆಸೆ ನನ್ನಿಂದ ಹಾಳಾಯಿತು ಕಾಕು ಎಂದು ಅವರ ಮೊಣಕಾಲಿಗೆ ಹಣೆ ಹಚ್ಚಿದೆ.

ಕಾಕು ಸ್ವಲ್ಪ ಹೊತ್ತು ನನ್ನ ಬೆನ್ನು ಸವರಿದರು.

"ಅವರಿಗೆ ಗೊತ್ತಿತ್ತವಾ. ಅವರ ಮೂಗು ನಿನಗ ಗೊತ್ತಿಲ್ಲೇನು? ದೋಣಿ ಹತ್ತೂ ಮೊದಲs ನೀಲಗಿರಿ ಎಣ್ಣಿ ವಾಸನಿ ಬಂದಿತ್ತಂತ."

ನಾನು ತಲೆ ಎತ್ತಿದೆ.

"ಗೊತ್ತಿದ್ದೂ ಪೆನ್ನು ಕೊಟ್ಟೆ ಅಂದ್ರು. ಮರುದಿನ ದಂಡ್ಯಾಗ ನೀ ದೂರ ಕೂತಿದ್ದಿ ನೋಡು, ಆಗ ನನ್ನ ಮುಂದ ಅತ್ತರು. ಇಪ್ಪತ್ತೆರಡ್ ವರ್ಷ ಟಾಕಿ ಬಾಯಾಗ ನಿಂತು ಒಬ್ಬರನ್ನೂ ಹಂಗ ಒಳಗ ಬಿಟ್ಟಿಲ್ಲ, ನನ್ನ ಆಸೆಗೆ ಈ ಕೂಸಿನ್ನ ಬಿಟ್ಟೆ, ಮಂದಿ ಮಕ್ಕಳನ್ನ ಬಾವ್ಯಾಗ ನೂಕಿ ಆಳ ನೋಡಿದಂಗಾತು ಅಂತ. ಅದಕ್ಕs ಮತ್ತ ನೀರಿಗೆ ಇಳೀಲಿಲ್ಲ ಅವರು. ಅಕಿಗೆ ತಿಳದದ, ಸಿಟ್ಟಾಗ್ಯಾಳ, ಅದಕ್ಕs ಮನಿಗೆ ಬರವಲ್ಲಳು ಅಂತಿದ್ರು."

ನಾನು ಸಿಟ್ಟಾಗಿರಲಿಲ್ಲ, ನಾಚಿಕೆಯಾಗಿತ್ತು ಅಷ್ಟೇ. ಅವರಿಗೂ ಅದೇ ಆಗಿತ್ತು. ನಡುವೆ ಒಂದು ಗೋಡೆ, ಆಚೆ ಅವರು, ಈಚೆ ನಾನು, ಎರಡು ವರ್ಷ. ಒಂದು ಸಲ ಎದ್ದು ಹೋಗಿ ಬಾಗಿಲು ತಟ್ಟಿದ್ದರೆ ಆಗುತ್ತಿತ್ತು. ನನ್ನ ಸೊಕ್ಕಿಗಿಷ್ಟು ಬೆಂಕಿ ಹಾಕ.

ಕಾಕು ಸೆರಗಿನಿಂದ ನನ್ನ ಮುಖ ಒರೆಸಿದರು. "ನಂದೂ ಒಂದು ತಪ್ಪದ ತಡಿ. ಒಂದು ಮಾತು ನನಗ ಹೇಳಿಟ್ಟಿದ್ರು. ನಾ ಕೇಳೂ ಹಂಗಿಲ್ಲ, ಕಾರ್ಡಿಗೆ ನೀ ಸಹಿ ಮಾಡಿಲ್ಲ, ನೀ ಕೇಳು ಅಕೀನ್ನ ಅಂತ. ನಿನ್ನ ಮದುವಿ ಗಡಿಬಿಡಿ, ಆಮ್ಯಾಲೆ ಅವರs ಹೋದ್ರು, ನನಗ ಮರತೇ ಹೋತು." ಅವರು ನನ್ನ ಎಡಗಿವಿಯ ಮೇಲಿನ ಕೂದಲು ಸರಿಸಿ, ಈಗಷ್ಟೇ ನೀರಿನಿಂದ ಎದ್ದುಬಂದವಳನ್ನು ಕೇಳುವ ಹಾಗೆ ಕೇಳಿದರು.

"ಕಿವಿ ಭಾಳ ನೋವಾಗಿತ್ತೇನವಾ?"

"ಹೂಂ" ಎಂದೆ. "ಭಾಳ ನೋವಾಗಿತ್ತು ಕಾಕು."